ಬಿಇಟಿ ಚಾನೆಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಸೆಮಿನಾರ್‌ಗೆ ಬೇಕಿತ್ತು

ಪ್ರಶ್ನೆ: ಎಂಕಾಂ ಹುಡುಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಎಂಕಾಂ ಓದುತ್ತಿದ್ದೇನೆ. ಕಂಪನಿಯೊಂದರ ಒಡೆತನ ಹೇಗೆ ಬದಲಾಯಿತು ಅಂತ ಸೆಮಿನಾರ್ ಕೊಡಬೇಕು. ಅಮೆರಿಕದ ಬ್ಲ್ಯಾಕ್ ಎಂಟರ್‌ಟೈನ್‌ಮೆಂಟ್ ಟೆಲಿವಿಷನ್, ಅಂದರೆ ಬಿಇಟಿ ಆರಿಸಿಕೊಂಡೆ. ಕಪ್ಪು ಜನರಿಗಾಗಿ ಶುರುವಾದ ಕೇಬಲ್ ಚಾನೆಲ್. ಎಲ್ಲಿ ಓದಿದರೂ ಒಂದೇ ಕಥೆ. ರಾಬರ್ಟ್ ಜಾನ್ಸನ್ 15,000 ಡಾಲರ್ ಸಾಲ ಮಾಡಿ ಶುರು ಮಾಡಿದರು, 2000ರಲ್ಲಿ ವಯಾಕಾಮ್ ಕಂಪನಿಗೆ ಸುಮಾರು 300 ಕೋಟಿ ಡಾಲರ್‌ಗೆ ಮಾರಿದರು. ನಡುವೆ ಏನಾಯಿತು? ಶೇರು ಮಾರ್ಕೆಟ್‌ಗೆ ಹೋದ ಕಂಪನಿ ಮತ್ತೆ ಯಾಕೆ ಹೊರಗೆ ಬಂತು? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಟಿಳಕವಾಡಿ ಟೀ ಸ್ಟಾಲ್

ಇದರಲ್ಲೇನಿದೆ ತಮ್ಮಾ? ತನ್ನ ಜನರ ಹೆಸರು ಹೇಳಿ ಕಟ್ಟಿದ, ದೊಡ್ಡವರಿಗೆ ಮಾರಿದ, ಅಮೆರಿಕದ ಮೊದಲ ಕಪ್ಪು ಬಿಲಿಯನೇರ್ ಆದ. ಒಂದೇ ಸ್ಲೈಡ್ ಸಾಕು.

ಉತ್ತರ: ಹಳೇ ಕೇಬಲ್‌ನವ, ವಿಜಯಪುರ

ಟೀ ಸ್ಟಾಲ್‌ನವರೇ, ಅಷ್ಟಕ್ಕೇ ಮುಗಿಸಬೇಡ್ರಿ. ನಾನು ಗೋಳಗುಮ್ಮಟದ ಸುತ್ತಲಿನ ಓಣಿಗಳಿಗೆ ಕೇಬಲ್ ಎಳೆದವನು. ಡಿಶ್ ತಿರುಗಿಸುವುದು, ಮಳೆಗಾಲದಲ್ಲಿ ಆಂಪ್ಲಿಫೈಯರ್ ಬದಲಿಸುವುದು, ತಿಂಗಳ ವಸೂಲಿ, ಎಲ್ಲ ನಾನೇ. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಲೈನ್ ಮಾರಿ ಕೂತೆ. ಆಗ ಹಿಡಿದದ್ದು ಈ ಓದಿನ ಹುಚ್ಚು.

ತಮ್ಮಾ, ಆ 15,000 ಡಾಲರ್‌ನ ಕಥೆ ಚೆಂದ ಇದೆ, ಆದರೆ ಅಷ್ಟರಲ್ಲಿ ಚಾನೆಲ್ ನಡೆಯುವುದಿಲ್ಲ. ನಿಜವಾದ ದುಡ್ಡು ಬಂದದ್ದು ಜಾನ್ ಮೆಲೋನ್ ಹತ್ತಿರದಿಂದ. ಆತ ಟಿಸಿಐ ಎಂಬ ದೊಡ್ಡ ಕೇಬಲ್ ಕಂಪನಿಯ ಮುಖ್ಯಸ್ಥ. ಕೊಟ್ಟದ್ದು 5 ಲಕ್ಷ ಡಾಲರ್. ಅದರಲ್ಲಿ 1.8 ಲಕ್ಷಕ್ಕೆ ಶೇಕಡಾ 20 ಪಾಲು, ಉಳಿದ 3.2 ಲಕ್ಷ ಸಾಲ. ಚಾನೆಲ್ ಎಷ್ಟೇ ಛಲೋ ಇರಲಿ, ಕೇಬಲ್‌ನವ ಹಾಕದಿದ್ದರೆ ಯಾರ ಮನೆಯಲ್ಲೂ ಕಾಣುವುದಿಲ್ಲ. ಕೇಬಲ್‌ನವನೇ ಪಾಲುದಾರ ಆದರೆ? ಅರ್ಧ ಕೆಲಸ ಮುಗಿಯಿತು. ಜಾನ್ಸನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲು ಆತ ಕೆಲಸ ಮಾಡುತ್ತಿದ್ದದ್ದೇ ಕೇಬಲ್ ಕಂಪನಿಗಳ ಸಂಘದಲ್ಲಿ, ಸರ್ಕಾರದ ಹತ್ತಿರ ಅವರ ಪರವಾಗಿ ಮಾತಾಡುವ ಕೆಲಸ. ಹೆಂಡತಿ ಶೀಲಾ ಕೂಡ ಸ್ಥಾಪಕಿ. ಆಕೆಯ ಹೆಸರು ಬಿಡಬೇಡ, ಜನ ಜಾಸ್ತಿ ಬಿಡುವುದು ಅದನ್ನೇ.

1980ರ ಜನವರಿ 25ಕ್ಕೆ ಶುರು. ಅದೂ ಬೇರೆಯವರ ಚಾನೆಲ್‌ನಲ್ಲಿ, ಶುಕ್ರವಾರ ರಾತ್ರಿ ಎರಡು ಗಂಟೆ ಮಾತ್ರ. ಸ್ವಂತ ಚಾನೆಲ್ ಆದದ್ದು 1983ರಲ್ಲಿ. ದೊಡ್ಡ ಊರುಗಳ ಕಪ್ಪು ಜನರ ಓಣಿಗಳಿಗೆ ಕೇಬಲ್ ತಲುಪಿದ್ದೇ ತಡವಾಗಿ. ಚಾನೆಲ್‌ನ ಆಫೀಸ್ ಇದ್ದ ವಾಷಿಂಗ್ಟನ್‌ನಲ್ಲೂ ಅದೇ ಹಣೆಬರಹ. ಯಾರಿಗಾಗಿ ಚಾನೆಲ್ ಮಾಡಿದರೋ ಅವರ ಮನೆಯಲ್ಲಿ ವೈರೇ ಇಲ್ಲ! ಈ ನಡುವೆ ಟ್ಯಾಫ್ಟ್, ಎಚ್‌ಬಿಒ ಎಂಬ ಟಿವಿ ಕಂಪನಿಗಳೂ ದುಡ್ಡು ಹಾಕಿ ಪಾಲು ತಗೊಂಡವು. ಖರ್ಚು ಕಡಿಮೆ ಇಟ್ಟದ್ದು ಹಾಡಿನ ವಿಡಿಯೋಗಳು. ರೆಕಾರ್ಡ್ ಕಂಪನಿಗಳು ಅವನ್ನು ಪುಕ್ಕಟೆ ಕೊಡುತ್ತಿದ್ದವು. ಶುರುವಿನಲ್ಲಿ ಎಂಟಿವಿ ಕಪ್ಪು ಹಾಡುಗಾರರನ್ನು ಹೆಚ್ಚು ಹಾಕುತ್ತಿರಲಿಲ್ಲ, ಆ ಜಾಗ ಬಿಇಟಿಗೆ ಸಿಕ್ಕಿತು. ಬರೀ ಹಾಡು, ಬರೀ ಜಾಹೀರಾತು ಅಂತ ಅದೇ ಜನರ ಹತ್ತಿರ ಬೈಸಿಕೊಂಡದ್ದೂ ಉಂಟು.

ಈಗ ನಿನ್ನ ಎರಡನೇ ಪ್ರಶ್ನೆ. 1991ರಲ್ಲಿ ಕಂಪನಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ಗೆ ಬಂತು. ಕಪ್ಪು ಜನರ ಹಿಡಿತದಲ್ಲಿದ್ದ ಕಂಪನಿ ಅಲ್ಲಿಗೆ ಬಂದದ್ದು ಅದೇ ಮೊದಲು. ಶೇರಿಗೆ 17 ಡಾಲರ್. 1997ರಲ್ಲಿ ಜಾನ್ಸನ್ ಮತ್ತು ಮೆಲೋನ್‌ನ ಇನ್ನೊಂದು ಕಂಪನಿ ಲಿಬರ್ಟಿ ಮೀಡಿಯಾ ಸೇರಿ, ಜನರ ಕೈಯಲ್ಲಿದ್ದ ಶೇರುಗಳನ್ನೆಲ್ಲ 48 ಡಾಲರ್‌ಗೆ ತಗೊಳ್ಳುತ್ತೇವೆ ಅಂದರು. ಅದು ಸಾಲದು ಅಂತಾಯಿತು. ಕೊನೆಗೆ 1998ರಲ್ಲಿ 63 ಡಾಲರ್‌ಗೆ ಮುಗಿಯಿತು. ಎರಡೇ ವರ್ಷಕ್ಕೆ ವಯಾಕಾಮ್ ವ್ಯವಹಾರ! ಮೋಸ ಅನ್ನಲಾರೆ, 17ಕ್ಕೆ ತಗೊಂಡವನಿಗೆ 63 ಸಿಕ್ಕಿದೆ. ಆದರೆ ಜನ 2000ದ ಮಾರಾಟಕ್ಕೇ ಬೈಯುತ್ತಾರೆ. ನನ್ನ ಪ್ರಕಾರ 1998 ಅದಕ್ಕಿಂತ ಮುಖ್ಯ. ಸಣ್ಣ ಶೇರುದಾರರು ಅವತ್ತೇ ಹೊರಗೆ ಬಿದ್ದರು. ಆಮೇಲೆ ಮಾರಬೇಕೋ ಬೇಡವೋ ಅಂತ ಮಾತಾಡಿಕೊಳ್ಳಲು ಇಬ್ಬರೇ ಉಳಿದರು.

ಪ್ರಶ್ನೆ ಕೇಳಿದವನು:

ಬಹಳ ಥ್ಯಾಂಕ್ಸ್ ಕಾಕಾ. ಒಂದು ಡೌಟು. 1991ರಲ್ಲಿ ಶೇರು ಮಾರಿದ ಮೇಲೂ ಜಾನ್ಸನ್ ಹಿಡಿತ ಹೇಗೆ ಉಳಿಯಿತು?

ಹಳೇ ಕೇಬಲ್‌ನವ:

ಜನರಿಗೆ ಮಾರಿದ ಶೇರಿಗೆ ಒಂದು ವೋಟು. ಜಾನ್ಸನ್ ಇಟ್ಟುಕೊಂಡ ಶೇರಿಗೆ ಹತ್ತು. ಇದನ್ನು ಸ್ಲೈಡ್‌ನಲ್ಲಿ ಹಾಕು, ನಿಮ್ಮ ಸರ್ ಖುಷಿ ಆಗುತ್ತಾರೆ. ಇನ್ನೊಂದು, ವಯಾಕಾಮ್ ಕೊಟ್ಟದ್ದು ನಗದು ಅಂತ ತಿಳಿಯಬೇಡ. ತನ್ನ ಶೇರು ಕೊಟ್ಟಿತು, ಬಿಇಟಿಯ ಸಾಲ ಹೊತ್ತುಕೊಂಡಿತು. ಆಗ ಜಾನ್ಸನ್ ಪಾಲು ಶೇಕಡಾ 60ರ ಮೇಲಿತ್ತು, ಉಳಿದದ್ದರಲ್ಲಿ ಹೆಚ್ಚು ಭಾಗ ಲಿಬರ್ಟಿಯದು. ‘ಜಾನ್ಸನ್ ಮಾರಿದ’ ಅಂತಷ್ಟೇ ಬರೆದರೆ ಮೆಲೋನ್ ಕಡೆಯವರು ಮಾಯ ಆಗುತ್ತಾರೆ.

ಉತ್ತರ: ನವನಗರದ ಅಕ್ಕ, ಬಾಗಲಕೋಟೆ

ಅಮೆರಿಕ ಅಮೆರಿಕ ಅಂತೀರಿ, ವಯಾಕಾಮ್ ನಮ್ಮ ಮನೆಗೂ ಬಂದಿತ್ತಲ್ಲ! ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅದು ವಯಾಕಾಮ್18 ಕೈಯಲ್ಲಿದ್ದ ಕಾಲ. ಅದರಲ್ಲಿ ಇದೇ ವಯಾಕಾಮ್ ಪಾಲು ಇತ್ತು. 2024ರಲ್ಲಿ ಆ ಪಾಲು ರಿಲಯನ್ಸ್‌ಗೆ ಹೋಯಿತು. ನಮ್ಮ ಕಡೆ ಮಾತು ಸೀರಿಯಲ್‌ಗಳಲ್ಲಿ ಕಾಮಿಡಿಗೆ ಮಾತ್ರ ಬರುತ್ತದೆ ಅಂತ ಗೊಣಗುತ್ತಾ ನೋಡುವವಳು ನಾನು. ಹಾಗಾಗಿ ಯಾರ ಚಾನೆಲ್ ಅನ್ನುವ ಪ್ರಶ್ನೆ ನನಗೂ ಇದೆ.

ತಮ್ಮಾ, ಮಾರಾಟದ ನಂತರದ್ದನ್ನೂ ಸೇರಿಸು. 1986ರಲ್ಲಿ ವಕೀಲೆಯಾಗಿ ಸೇರಿದ ಡೆಬ್ರಾ ಲೀ ಜಾನ್ಸನ್ ನಂತರ ಮುಖ್ಯಸ್ಥೆ ಆದರು, 2018ರವರೆಗೆ ಇದ್ದರು. ಒಡೆತನ ಹೋಯಿತು, ಕುರ್ಚಿ ಹೋಗಲಿಲ್ಲ. ವಯಾಕಾಮ್ 2019ರಲ್ಲಿ ಸಿಬಿಎಸ್ ಜೊತೆ ಸೇರಿತು, 2022ರಲ್ಲಿ ಪ್ಯಾರಾಮೌಂಟ್ ಅಂತ ಹೆಸರು ಬದಲಿಸಿತು. 2023ರಲ್ಲಿ ಬಿಇಟಿಯ ಹೆಚ್ಚಿನ ಪಾಲು ಮಾರಲು ಹೊರಟಿತ್ತು. ಟೈಲರ್ ಪೆರ್ರಿ, ಬೈರನ್ ಆಲನ್, ಇಬ್ಬರೂ ಕಪ್ಪು ಉದ್ಯಮಿಗಳು, ಕೊಳ್ಳಲು ಮುಂದೆ ಬಂದಿದ್ದರು. ಆಗಸ್ಟ್‌ನಲ್ಲಿ ಮಾರಾಟ ನಿಂತಿತು. 2025ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟೇ ಸ್ಕೈಡಾನ್ಸ್ ಎಂಬ ಸಿನಿಮಾ ಕಂಪನಿ ಜೊತೆ ಸೇರಿತು.

ಟಿಳಕವಾಡಿ ಟೀ ಸ್ಟಾಲ್:

ಆಯ್ತಕ್ಕಾ, ಒಂದು ಸ್ಲೈಡ್ ಸಾಲದು. ಆದರೆ 2023ರಲ್ಲಿ ಪೆರ್ರಿ ತಗೊಂಡಿದ್ದರೆ ಅದು ಮತ್ತೆ ಅವರದೇ ಆಗುತ್ತಿತ್ತಲ್ವಾ?

ಹಳೇ ಕೇಬಲ್‌ನವ:

ಅಷ್ಟು ದುಡ್ಡನ್ನು ಯಾರೂ ಒಬ್ಬರೇ ಜೇಬಿನಿಂದ ತೆಗೆಯುವುದಿಲ್ಲ ರೀ. ಬೆನ್ನ ಹಿಂದೆ ಯಾರಿರುತ್ತಿದ್ದರು, ಅವರ ಶೇರಿಗೆ ಎಷ್ಟು ವೋಟು, ಅದನ್ನು ನೋಡದೆ ನಾನು ಹೂಂ ಅನ್ನುವುದಿಲ್ಲ.