ಸಹಾಯ ಬೇಕು: ಆರಿದ್ರಾ ನಕ್ಷತ್ರದ ಹೊಳಪು ಅಂದಾಜು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ನಮ್ಮ ತೋಟದ ಮನೆ. ಮೂರು ವಾರದಿಂದ ಮಾಳಿಗೆ ಮೇಲೆ ಕೂತು, ಬರಿಗಣ್ಣಿನಲ್ಲೇ ಆರಿದ್ರಾ ನಕ್ಷತ್ರದ (ಅದೇ, ಬೀಟಲ್‌ಜೂಸ್) ಹೊಳಪನ್ನು ಬರೆದಿಡುತ್ತಿದ್ದೇನೆ. 2020ರ ಫೆಬ್ರವರಿಯಲ್ಲಿ ಅದರ ಹೊಳಪಿನ ಅಂಕಿ (ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು) 1.6ರವರೆಗೆ ಹೋಗಿ ಮಂಕಾಗಿತ್ತಲ್ವಾ, ಆಗ ಹತ್ತಿದ ಹುಚ್ಚು.

ಹೋಲಿಕೆಗೆ ರೋಹಿಣಿ (0.9) ಮತ್ತು ಪ್ರೋಸಿಯಾನ್ (0.4) ಇಟ್ಟುಕೊಂಡಿದ್ದೇನೆ. ತೊಂದರೆ ಏನಂದ್ರೆ, ಒಂದೇ ರಾತ್ರಿ ಎರಡು ಲೆಕ್ಕ ಬರುತ್ತಿದೆ. ಕಣ್ಣು ನೆಟ್ಟು ನೋಡಿದರೆ 0.4. ಸುಮ್ನೆ ಹಾಗೇ ಕಣ್ಣು ಹಾಯಿಸಿದರೆ 0.7. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಜಾಸ್ತಿ ಹೊಳೆದಂತೆ ಕಾಣುತ್ತದೆ ಅಂತ ಓದಿದ್ದೇನೆ. ಹಾಗಾದ್ರೆ ಎರಡನೆಯದನ್ನೇ ಬರೆಯಬೇಕಾ?

ಇನ್ನೊಂದು. ಜನವರಿಯಲ್ಲಿ ರಾತ್ರಿ ಎಂಟಕ್ಕೆ ರೋಹಿಣಿ ಆಗಲೇ ಮೇಲಕ್ಕೆ ಏರಿರುತ್ತದೆ, ಪ್ರೋಸಿಯಾನ್ ಮಾತ್ರ ಇನ್ನೂ ತೆಂಗಿನ ಗರಿಗಳ ಸಂದಿಯಲ್ಲಿ. ಅಷ್ಟು ಕೆಳಗಿದ್ದಾಗ ಗಾಳಿ, ದೂಳು ಅದರ ಬೆಳಕನ್ನು ನುಂಗುತ್ತವೆ. ಹತ್ತೂವರೆ ತನಕ ಕಾದರೆ ಸರಿಹೋಗುತ್ತಾ, ಅಥವಾ ಎತ್ತರ ನೋಡಿಕೊಂಡು ನೀವು ಲೆಕ್ಕ ತಿದ್ದುತ್ತೀರಾ? ಕಾಯುವುದಕ್ಕೆ ನನಗೇನೂ ಬೇಜಾರಿಲ್ಲ. ಪಕ್ಕದ ತೋಟದವರ ಎಲ್‌ಇಡಿ ದೀಪವೂ ಅಷ್ಟೊತ್ತಿಗೆ ಆರಿರುತ್ತದೆ.

ಅಮೆರಿಕದ ಎಎವಿಎಸ್‌ಒಗೆ (ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡುವವರ ಸಂಘ) ಅಂದಾಜು ಕಳಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಜೂಲಿಯನ್ ದಿನ (ಖಗೋಳದವರು ತಾರೀಖಿನ ಬದಲು ಬಳಸುವ ದಿನಗಳ ಎಣಿಕೆ) ನಮ್ಮ ಸಂಜೆ 5.30ಕ್ಕೆ ಬದಲಾಗುತ್ತದೆ ಅನ್ನುವುದು ಗೊತ್ತಾಗಿದ್ದೇ ಮೊನ್ನೆ, ಅದನ್ನು ಸರಿಮಾಡಿಕೊಂಡೆ. ಆದರೆ ದಿಟ್ಟಿಸಿ ನೋಡಿ ಬರೆದ ಮೊದಲ ವಾರದ ಅಂದಾಜುಗಳನ್ನು ಕಳಿಸಬಹುದಾ, ಇಲ್ಲಾ ಆ ಪುಟ ಬಿಟ್ಟು ಹೊಸದಾಗಿ ಶುರು ಮಾಡಲಾ?