ಸಹಾಯ ಬೇಕು: ಮೊಣಕೈ ಆಪರೇಷನ್, ಯಾವ ದಾರಿ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ಬಿದ್ದು, ತೋಳಿನ ಮೂಳೆಯ ಕೆಳತುದಿ ಮೊಣಕೈ ಕೀಲಿನೊಳಗೇ ಚೂರಾಗಿದೆ. ವಯಸ್ಸು 52. ಎರಡು ಪ್ಲೇಟ್ ಹಾಕಬೇಕು ಅಂತ ಇಬ್ಬರು ಡಾಕ್ಟರೂ ಹೇಳಿದ್ದಾರೆ. ಒಳಗೆ ಹೋಗುವ ದಾರಿ ಮಾತ್ರ ಬೇರೆ ಬೇರೆ.

ಒಬ್ಬರು ಮೊಣಕೈ ಹಿಂದಿನ ಒಲೆಕ್ರೆನಾನ್ ಮೂಳೆಯನ್ನು ಕತ್ತರಿಸಿ ಮೇಲೆತ್ತುತ್ತಾರಂತೆ. ಆಗ ಕೀಲಿನ ಮೇಲ್ಮೈ ಚೆನ್ನಾಗಿ ಕಾಣುತ್ತದೆ, ಚೂರುಗಳನ್ನು ಸರಿಯಾಗಿ ಕೂಡಿಸಬಹುದು. ಆದರೆ ಕತ್ತರಿಸಿದ ಮೂಳೆಯೂ ಮತ್ತೆ ಕೂಡಬೇಕಲ್ವಾ? ಅಲ್ಲಿ ಹಾಕಿದ ತಂತಿ, ಸ್ಕ್ರೂ ಚರ್ಮದಡಿ ಚುಚ್ಚಿದರೆ ಮುಂದೆ ತೆಗೆಸಬೇಕಾಗಬಹುದು. ಇನ್ನೊಬ್ಬರು ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯುವನ್ನು ಮೂಳೆಯಿಂದ ಬಿಡಿಸದೆ ಎರಡೂ ಪಕ್ಕದಿಂದ ಹೋಗುತ್ತಾರಂತೆ. ಇದರಲ್ಲಿ ಕೀಲು ಅಷ್ಟಾಗಿ ಕಾಣುವುದಿಲ್ಲ. ಚೂರು ಜಾಸ್ತಿ ಇದ್ದರೆ ಮೊದಲನೆಯದೇ ಸರಿ ಅಂತ ನನಗನಿಸುತ್ತದೆ.

ಈ ಆಪರೇಷನ್ ಆದವರು, ಫಿಸಿಯೋಥೆರಪಿಸ್ಟ್‌ಗಳು ದಯವಿಟ್ಟು ತಿಳಿಸಿ. ಕೈ ಎಷ್ಟು ಮಡಚಲು, ಚಾಚಲು ಬಂತು? ಮೊಣಕೈ ಒಳಬದಿಯಿಂದ ಕಿರುಬೆರಳಿಗೆ ಹೋಗುವ ಅಲ್ನರ್ ನರವನ್ನು ಜಾಗ ಬದಲಿಸಿದರಾ? ಕಿರುಬೆರಳು ಜೋಮು ಹಿಡಿದಿತ್ತಾ? ಬಹಳ ದಿನ ಅಲುಗಾಡಿಸದೆ ಇಟ್ಟರೆ ಮೊಣಕೈ ಬಿಗಿಯಾಗುತ್ತದೆ ಅಂತ ಇಬ್ಬರೂ ಎಚ್ಚರಿಸಿದ್ದಾರೆ. ವ್ಯಾಯಾಮ ಯಾವಾಗ ಶುರು ಮಾಡಿಸಿದರು? ಸುಮ್ನೆ ಧೈರ್ಯ ಹೇಳುವುದು ಬೇಡ, ತೊಂದರೆ ಆಗಿದ್ದರೆ ಅದನ್ನೂ ಬರೆಯಿರಿ. ಡಾಕ್ಟರ ಹತ್ತಿರ ಇನ್ನೇನು ಕೇಳಬೇಕು?