ಸಾಮಾಜಿಕ ವಿಷಯದ ಪೋರ್ಟ್ರೇಟ್ ಸ್ಪರ್ಧೆಗೆ ಕಳಿಸುವ ಮುಂಚೆ: ವೃತ್ತಿಪರ ಫೋಟೋಗ್ರಾಫರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಕಸ ವಿಂಗಡಿಸುವ ಕೆಲಸ ಮಾಡುವ ಹೆಂಗಸೊಬ್ಬರ ಪೋರ್ಟ್ರೇಟ್ ತೆಗೆದಿದ್ದೇನೆ. ಮುಖದ ಕ್ಲೋಸಪ್, ಕಪ್ಪು ಬಿಳುಪು, ಕಣ್ಣಲ್ಲಿ ನೀರು. ನೋಡಿದವರೆಲ್ಲ ಮೆಚ್ಚಿದರು. ಆದರೆ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಬಿತ್ತು. ಏನು ಕೊರತೆ?

ಉತ್ತರ: ಚಿತ್ರ ನೋಡಿದೆ. ಫೋಕಸ್, ಬೆಳಕು ಎರಡೂ ಚೆನ್ನಾಗಿವೆ. ಆದರೆ ಅವರು ಏನು ಕೆಲಸ ಮಾಡುತ್ತಾರೆ ಅನ್ನೋದು ನೀವು ಹೇಳಿದ ಮೇಲೇ ಗೊತ್ತಾಯಿತು. ಫ್ರೇಮ್‌ನಲ್ಲಿ ಇರುವುದು ಸುಕ್ಕು ಮತ್ತು ಕಣ್ಣೀರು ಮಾತ್ರ. ಇಂಥ ಮುಖಗಳು ತೀರ್ಪುಗಾರರ ಮುಂದೆ ಸಾಲುಸಾಲಾಗಿ ಬರುತ್ತವೆ. ನೋಡಿದವರಿಗೆ ಅಯ್ಯೋ ಅನಿಸುತ್ತದೆ, ಮುಂದಿನ ಫೋಟೋ ಬರುತ್ತದೆ, ಮರೆತುಹೋಗುತ್ತದೆ. 'ಇವರು ಯಾರು?' ಅಂತ ಕೇಳಬೇಕು ಅನಿಸಬೇಕು, ಅಲ್ವಾ?

ಸ್ವಲ್ಪ ಹಿಂದೆ ಸರಿಯಿರಿ. ಮುಖವನ್ನಷ್ಟೇ ತುಂಬಿಸುವ 85 ಎಂಎಂ ಲೆನ್ಸ್ ಬಿಟ್ಟು, ಸುತ್ತಲಿನದನ್ನೂ ಹಿಡಿಯುವ 35 ಎಂಎಂ ಲೆನ್ಸ್ ಹಾಕಿ. ಅವರ ಕೈ ಕಾಣಲಿ, ದಿನವಿಡೀ ನಿಲ್ಲುವ ಜಾಗ ಕಾಣಲಿ. ಹಿನ್ನೆಲೆ ಪೂರ್ತಿ ಮಸುಕಾಗದಂತೆ ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಎಫ್ 5.6 ಆಸುಪಾಸು ಇಡಿ. ಫೋಟೋಗ್ರಾಫರ್ ಲೂಯಿಸ್ ಹೈನ್ 1908ರಿಂದ ಅಮೆರಿಕದಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದರು. ಅವರ ಒಂದು ಚಿತ್ರದಲ್ಲಿ ನೂಲಿನ ಯಂತ್ರಗಳ ಪಕ್ಕ ಪುಟ್ಟ ಹುಡುಗಿ ಸುಮ್ನೆ ನಿಂತಿದ್ದಾಳೆ. ಯಂತ್ರ ಎಷ್ಟು ದೊಡ್ಡದು, ಅವಳು ಎಷ್ಟು ಚಿಕ್ಕವಳು ಅಂತ ನೋಡಿದರೆ ಸಾಕು. ಅವಳು ಅಳಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಫೋಟೋ ಸ್ಪರ್ಧೆಗೆ ಹೋಗಿದೆ ಅಂತ ಅವರಿಗೆ ಗೊತ್ತಾ?

ಪ್ರಶ್ನೆ ಕೇಳಿದವರು: ಫೋಟೋ ತೆಗೆಯಲಾ ಅಂತ ಕೇಳಿದ್ದೆ, ತಲೆ ಆಡಿಸಿದರು. ಸ್ಪರ್ಧೆ ವಿಷಯ ಹೇಳಿಲ್ಲ.

ಉತ್ತರ: ಹಾಗಾದರೆ ಎಲ್ಲಿಗೂ ಕಳಿಸುವ ಮುಂಚೆ ಅವರ ಹತ್ತಿರ ಹೋಗಿ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಚಿತ್ರ ನೀವು ನೋಡಿರುತ್ತೀರಿ. ಅದು ಪತ್ರಿಕೆಯಲ್ಲಿ ಬಂದ ಮೇಲೆ, ಆ ತಾಯಿ ಇದ್ದ ವಲಸೆ ಕೂಲಿಗಾರರ ಶಿಬಿರಕ್ಕೆ ಸರ್ಕಾರ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಅವರ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ತಿಳಿದದ್ದು 1978ರಲ್ಲಿ. ಫೋಟೋ ತೆಗೆದವರು ನನ್ನ ಹೆಸರನ್ನೂ ಕೇಳಲಿಲ್ಲ, ಅದರಿಂದ ನನಗೆ ಬಿಡಿಗಾಸೂ ಬರಲಿಲ್ಲ ಅಂತ ಅವರು ನೊಂದು ಹೇಳಿದ್ದರು. ಚಿತ್ರದಿಂದ ಒಳ್ಳೆಯದಾಯಿತು, ನಿಜ. ಆ ನೋವೂ ಅಷ್ಟೇ ನಿಜ.

ಹಾಗಾಗಿ ಚಿತ್ರವನ್ನು ಅವರಿಗೆ ತೋರಿಸಿ. ಗೆದ್ದರೆ ಪ್ರದರ್ಶನದಲ್ಲಿ, ಇಂಟರ್ನೆಟ್‌ನಲ್ಲಿ, ಪೋಸ್ಟರ್‌ನಲ್ಲಿ ಬರಬಹುದು ಅಂತ ಬಿಡಿಸಿ ಹೇಳಿ. ಬೇಡ ಅನ್ನಲು ಸಮಯ ಕೊಡಿ. ಒಪ್ಪಿದರೆ ಬರಹದಲ್ಲಿ ಸಹಿ ತೆಗೆದುಕೊಳ್ಳಿ, ಒಂದು ಪ್ರಿಂಟ್ ಕೊಡಿ. ಮಕ್ಕಳಾದರೆ ಹೆತ್ತವರ ಒಪ್ಪಿಗೆ ಬೇಕು. ದೌರ್ಜನ್ಯಕ್ಕೆ ಒಳಗಾದವರಾದರೆ, ಅವರು ಒಪ್ಪಿದರೂ, ಮುಖ ತೋರಿಸಲೇಬೇಕಾ ಅಂತ ಯೋಚಿಸಿ. ಕೈಗಳು, ಬೆನ್ನು, ನೆರಳು ಕೂಡ ಪೋರ್ಟ್ರೇಟ್ ಆಗುತ್ತವೆ.

ಕೇಳುತ್ತಿದ್ದ ಇನ್ನೊಬ್ಬರು: ಬಹುಮಾನದ ಹಣ ಬಂದರೆ ಅವರಿಗೂ ಕೊಡಬೇಕಾ?

ಉತ್ತರ: ಕೊಡಲೇಬೇಕು ಅಂತ ಸಾಮಾನ್ಯವಾಗಿ ನಿಯಮ ಇರುವುದಿಲ್ಲ. ನಾನಾದರೆ ಕೊಡುತ್ತೇನೆ. ಆದರೆ ಒಪ್ಪಿಸುವುದಕ್ಕಾಗಿ ಮೊದಲೇ ಹಣದ ಆಸೆ ತೋರಿಸಬೇಡಿ. ಆಗ ಅವರು ಮನಸ್ಸಿನಿಂದ ಹೂಂ ಅಂದರೋ ಇಲ್ಲವೋ ತಿಳಿಯುವುದಿಲ್ಲ.

ಮತ್ತೊಬ್ಬರು: ಎಡಿಟಿಂಗ್ ಎಷ್ಟು ಮಾಡಬಹುದು? ಕ್ಯಾಪ್ಶನ್ ಹೇಗಿರಬೇಕು?

ಉತ್ತರ: ಡಾಕ್ಯುಮೆಂಟರಿ (ಇದ್ದದ್ದನ್ನು ಇದ್ದಂತೆ ತೋರಿಸುವ) ವಿಭಾಗವಾದರೆ ಬೆಳಕು ಸರಿಮಾಡುವುದು, ಕ್ರಾಪ್ ಮಾಡುವುದು, ಅಂದರೆ ಅಂಚು ಕತ್ತರಿಸುವುದು, ಸಾಮಾನ್ಯವಾಗಿ ನಡೆಯುತ್ತದೆ. ಹಿಂದಿನ ತಂತಿ ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ಬೇಡ. ವರ್ಲ್ಡ್ ಪ್ರೆಸ್ ಫೋಟೋ ಅನ್ನೋ ಅಂತರರಾಷ್ಟ್ರೀಯ ಸುದ್ದಿಚಿತ್ರ ಸ್ಪರ್ಧೆಯಲ್ಲಿ 2015ರಲ್ಲಿ ಕೊನೆಯ ಸುತ್ತಿಗೆ ಮುಂಚಿನ ಹಂತಕ್ಕೆ ಬಂದವುಗಳಲ್ಲಿ ಸುಮಾರು ಶೇ. 20ರಷ್ಟು ಇಂಥ ಕಾರಣಕ್ಕೇ ಹೊರಬಿದ್ದವು. ಮೂಲ ರಾ ಫೈಲ್ (ಕ್ಯಾಮೆರಾ ದಾಖಲಿಸಿದ, ತಿದ್ದದ ಫೈಲ್) ಕೇಳಬಹುದು, ಜೋಪಾನವಾಗಿಡಿ.

ಕ್ಯಾಪ್ಶನ್‌ನಲ್ಲಿ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಅಂತ ನೇರವಾಗಿ ಬರೆಯಿರಿ. 'ಬದುಕಿನ ಬವಣೆ' ಥರದ ಹೆಸರು ಬೇಡ. ಅವರೇ ಆಡಿದ ಒಂದು ಮಾತು ಹಾಕಿದರೆ ಇನ್ನೂ ಒಳ್ಳೆಯದು.

ಹಾಗೇ ಕಾಪಿರೈಟ್ ನಿಯಮ ಓದಿ. ಸ್ಪರ್ಧೆಯ ಪ್ರಚಾರಕ್ಕೆ ಮಾತ್ರ ಬಳಸುತ್ತೇವೆ ಅಂದಿದ್ದರೆ ಸರಿ. ಎಲ್ಲ ಹಕ್ಕೂ ಶಾಶ್ವತವಾಗಿ ಆಯೋಜಕರದ್ದು ಅಂದಿದ್ದರೆ ಕಳಿಸಬೇಡಿ. ನಾಳೆ ಆ ಮುಖ ಯಾವುದೋ ಜಾಹೀರಾತಿನಲ್ಲಿ ಬಂದರೆ ತಡೆಯಲು ನಿಮಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ.